ಉದುರಿದ ಗರಿಗಳಲ್ಲ ಇವು

ಮಾರ್ಚ್ 9

ಪ್ರೀತಿಯ ಪಿಟೀಲು,

ಅಂತೂ ದ್ವೀಪ ಮುಟ್ಟಿದೆ. ದೋಣಿಯಲ್ಲಿ ಹೊಟ್ಟೆ ತೊಳಸಿ ಪ್ರಾಣ ಬಾಯಿಗೆ ಬಂದಿತ್ತು. ಇಳಿದ ಮೇಲೂ ನೆಲ ತೂಗಾಡುತ್ತಿದೆ ಅನಿಸುತ್ತಿತ್ತು. ಹವಾಮಾನ ಕೇಂದ್ರ ಅಂದರೆ ಏನೋ ಭಾರಿ ಇರಬೇಕು ಅಂದುಕೊಂಡಿದ್ದೆ. ಒಂದು ಉದ್ದನೆಯ ತಗಡಿನ ಮನೆ, ಅದರ ಮುಂದೆ ಬಿಳಿ ಪೆಟ್ಟಿಗೆಯೊಳಗೆ ಉಷ್ಣಮಾಪಕಗಳು, ಕಂಬದ ತುದಿಯಲ್ಲಿ ಗಾಳಿಗೆ ಗಿರಗಿರ ತಿರುಗುವ ಬಟ್ಟಲುಗಳು, ಅಷ್ಟೇ. ಇರುವುದು ಮೂರೇ ಜನ. ನಮ್ಮ ಅಧಿಕಾರಿ ಮಾತಾಡಿದರೆ ಮುತ್ತು ಉದುರೀತು ಅನ್ನುವಂಥವರು. ಅಡುಗೆಯವನು ಅವರ ಪಾಲಿನ ಮಾತನ್ನೂ ತಾನೇ ಆಡಿ ಮುಗಿಸುತ್ತಾನೆ. ಟಪಾಲಿನ ದೋಣಿ ತಿಂಗಳಿಗೊಮ್ಮೆ ಬಂದು ಹೋಗುತ್ತದೆ. ಹಾಗಾಗಿ ಬರೆಯುವುದಿದ್ದರೆ ಒಟ್ಟಿಗೆ ತುಂಬ ಬರೆ.

ನನ್ನ ಗಿಣಿ ಚೌಕಾಸಿ ಹೇಗಿದೆ? ಕಾಳು ಕೊಟ್ಟರೆ ಕೆಳಗೆ ಹಾಕಿ, ಇದಕ್ಕಿಂತ ಒಳ್ಳೆಯದಿಲ್ಲವಾ ಎಂದು ಕತ್ತು ಓರೆ ಮಾಡುವ ಆಟ ನಿನ್ನ ಹತ್ತಿರವೂ ನಡೆಸಿದೆಯಾ? ಇಲ್ಲಿ ಕಡಲಹಕ್ಕಿಗಳು ಗೂಡು ಕಟ್ಟುತ್ತವೆ, ಸಾಕಿದ ಹಕ್ಕಿ ತರಬಾರದು ಅಂತ ನಿಯಮ. ಇಲ್ಲದಿದ್ದರೆ ಹೆಗಲ ಮೇಲೇ ಕೂರಿಸಿಕೊಂಡು ಬರುತ್ತಿದ್ದೆ. "ನೀನು ಹೋಗಕ್ಕಾ, ನಾನಿಲ್ವಾ? ನಿನ್ನ ಗಿಣಿಗೆ ನಾನು ಚಿಕ್ಕಮ್ಮ" ಎಂದು ನೀನು ಬೆನ್ನು ಹತ್ತಿದ್ದಕ್ಕೇ ನಾನು ಈ ಕೆಲಸಕ್ಕೆ ಒಪ್ಪಿದ್ದು.

ಈಗ ಮುಖ್ಯವಾದ ಮಾತು. ಇನ್ನು ಸ್ವಲ್ಪ ದಿನಕ್ಕೆ ಅದು ಗರಿ ಉದುರಿಸಲು ಶುರು ಮಾಡುತ್ತದೆ. ಪಂಜರದ ತಳ ನೋಡಿ ಗಾಬರಿಯಾಗಿ ಅಳುತ್ತ ಕೂರಬೇಡ. ಅದೇನೂ ಕಾಯಿಲೆಯಲ್ಲ. ಹಳೆಯ ಗರಿ ಸವೆದಿರುತ್ತದೆ, ಅದು ಹೋಗಿ ಹೊಸದು ಬರುತ್ತದೆ, ಮಕ್ಕಳ ಹಾಲುಹಲ್ಲಿನ ಹಾಗೆ. ರೆಕ್ಕೆಯ ದೊಡ್ಡ ಗರಿಗಳು ಜೋಡಿಯಾಗಿ ಬೀಳುತ್ತವೆ. ಎಡಗಡೆ ಒಂದು ಬಿದ್ದರೆ, ಸ್ವಲ್ಪ ಹಿಂದೆಮುಂದೆ, ಬಲಗಡೆಯೂ ಅದೇ ಜಾಗದ್ದು. ಹಾರುವಾಗ ಒಂದು ಪಕ್ಕಕ್ಕೆ ವಾಲಬಾರದಲ್ಲ! ಹೊಸ ಗರಿ ಬಿಳಿ ಪೊರೆಯಲ್ಲಿ ಸುತ್ತಿಕೊಂಡು ಪೆನ್ಸಿಲ್ ಮೊನೆಯ ಹಾಗೆ ಚುಚ್ಚಿಕೊಂಡು ಬರುತ್ತದೆ. ಆಗ ಮೈಯೆಲ್ಲ ನವೆ, ಸಿಟ್ಟು ಕೊಕ್ಕಿನ ತುದಿಯಲ್ಲೇ. ಬೈಯಬೇಡ. ಬೆಚ್ಚಗಿನ ನೀರು ಚಿಮುಕಿಸು, ಬೇಯಿಸಿದ ಮೊಟ್ಟೆ ಒಂಚೂರು ಕೊಡು, ಗಲಾಟೆಯಿಲ್ಲದ ಕಡೆ ಇಡು, ಕಣ್ತುಂಬ ನಿದ್ದೆ ಮಾಡಲು ಬಿಡು. ಬೆಳೆಯುತ್ತಿರುವ ಗರಿಯ ಕಡ್ಡಿಯೊಳಗೆ ರಕ್ತ ಓಡಾಡುತ್ತಿರುತ್ತದೆ. ಅದಕ್ಕೆ ಪೆಟ್ಟು ಬಿದ್ದರೆ ನಲ್ಲಿ ತಿರುಗಿಸಿದ ಹಾಗೆ ಸುರಿಯುತ್ತದೆ, ಅದೊಂದು ಜೋಪಾನ. ಮೈಮೇಲಿನ ಪೊರೆಯನ್ನು ಅದೇ ಬಿಡಿಸಿಕೊಳ್ಳುತ್ತದೆ, ತಲೆಯ ಮೇಲಿನದು ಮಾತ್ರ ಅದಕ್ಕೆ ಎಟುಕುವುದಿಲ್ಲ. ತಲೆ ಬಗ್ಗಿಸಿ ಹತ್ತಿರ ಬಂದರೆ ಉಗುರಿನಿಂದ ಮೆತ್ತಗೆ ಉಜ್ಜು. ಜೊತೆಗೆ ಇನ್ನೊಂದು ಹಕ್ಕಿ ಇದ್ದಿದ್ದರೆ ಅದು ಮಾಡುತ್ತಿತ್ತು. ನಮ್ಮದಕ್ಕೆ ನಾವೇ ಗತಿ.

ನಿನ್ನ ಯಜಮಾನರಿಗೆ ಕೇಳಿದೆ ಅಂತ ಹೇಳು. ಫೋಟೋ ಸ್ಟುಡಿಯೋ ಹೇಗೆ ನಡೀತಿದೆ?

ನಿನ್ನ ಪ್ರೀತಿಯ ಅಕ್ಕ


ಏಪ್ರಿಲ್ 6

ಪ್ರೀತಿಯ ಅಕ್ಕ,

ನಿನ್ನ ಕಾಗದ ಬಂದ ದಿನವೇ ಚೌಕಾಸಿಗೆ ಓದಿ ಹೇಳಿದೆ. ಕತ್ತು ಓರೆ ಮಾಡಿ ಪೂರಾ ಕೇಳಿಸಿಕೊಂಡಿತು, ನಿಜವಾಗ್ಲೂ.

ನೀನು ಹೇಳಿದ ಹಾಗೇ ಎಲ್ಲ ನಡೆಯುತ್ತಿದೆ. ರೆಕ್ಕೆಯ ಗರಿ ಜೋಡಿಯಾಗಿ ಬೀಳುತ್ತಿವೆ, ಎಡಗಡೆ ಒಂದು, ಆಮೇಲೆ ಬಲಗಡೆ ಅದೇ ಜಾಗದ್ದು. ಹೊಸ ಗರಿ ಪೆನ್ಸಿಲ್ ಮೊನೆಯ ಹಾಗೆ ಬಿಳಿ ಪೊರೆಯಲ್ಲಿ ಬರುತ್ತಿದೆ. ನವೆ ಜಾಸ್ತಿ, ಸಿಟ್ಟು ಕೊಕ್ಕಿನ ತುದಿಯಲ್ಲೇ. ಬೆಚ್ಚಗಿನ ನೀರು ಚಿಮುಕಿಸುತ್ತೇನೆ, ಮೊಟ್ಟೆ ಕೊಡುತ್ತೇನೆ. ಬೆಳಿಗ್ಗೆ ನಿನ್ನ ಕೋಣೆಯ ಕಿಟಕಿಯ ಹತ್ತಿರ ಬಿಸಿಲಿಗೆ ಇಡುತ್ತೇನೆ. ತಲೆ ಬಗ್ಗಿಸಿಕೊಂಡು ಬರುತ್ತದೆ, ಉಜ್ಜುತ್ತೇನೆ. ನೀನು ಒಂದು ಚೂರೂ ಚಿಂತೆ ಮಾಡಬೇಡ.

ಸ್ಟುಡಿಯೋ ಕತೆ ಕೇಳಬೇಡ. ನಮ್ಮ ಎದುರಿಗೇ ದೊಡ್ಡದೊಂದು ಸ್ಟುಡಿಯೋ ತೆರೆದಿದ್ದಾರೆ. ಗೋಡೆತುಂಬ ಜಲಪಾತದ ಪರದೆ, ಕೂರಲು ಮರದ ಕುದುರೆ. ನಮ್ಮ ಕಡೆ ಪಾಸ್‌ಪೋರ್ಟ್ ಫೋಟೋಗೆ ಬರುವವರು ಬಿಟ್ಟರೆ ಯಾರೂ ಇಲ್ಲ. ಇವರು ಬಾಗಿಲಲ್ಲಿ ನಿಂತು ಬೀದಿ ನೋಡುವುದನ್ನೇ ಕೆಲಸ ಮಾಡಿಕೊಂಡಿದ್ದಾರೆ. ಏನಾದರೂ ಹೊಸದು ಮಾಡಬೇಕು ಅಂತಾರೆ.

ನಿನ್ನ ಪಿಟೀಲು


ಮೇ 4

ಪ್ರೀತಿಯ ಪಿಟೀಲು,

ನಿನ್ನ ಕಾಗದವನ್ನು ಅಡುಗೆಯವನಿಗೂ ಓದಿ ಹೇಳಿದೆ. "ನಿಮ್ಮ ತಂಗಿ ಎಷ್ಟು ಚೆನ್ನಾಗಿ ನೋಡ್ಕೊತಾರೆ, ನಮ್ಮನೇಲಿ ನನ್ನನ್ನೂ ಹೀಗೆ ನೋಡ್ಕೊಳಲ್ಲ" ಅಂದ. ಅಧಿಕಾರಿಗಳು ಕೂಡ ನಕ್ಕರು, ಕೇಂದ್ರದ ಇತಿಹಾಸದಲ್ಲಿ ಬರೆದಿಡಬೇಕಾದ ಸಂಗತಿ.

ನಿಜ ಹೇಳುತ್ತೇನೆ, ನಿನಗೆ ಇಷ್ಟು ತಾಳ್ಮೆ ಇದೆ ಅಂತ ನನಗೆ ಗೊತ್ತಿರಲಿಲ್ಲ. ಅಮ್ಮ ಹೋದಾಗ ನೀನು ಜಡೆ ಹೆಣೆಯುವಷ್ಟು ಹೊತ್ತೂ ನನ್ನ ಮುಂದೆ ಕೂರುತ್ತಿರಲಿಲ್ಲ, ಕುಯ್ಯೋ ಅಂತ ರಾಗ ಎಳೆಯುತ್ತಿದ್ದೆ. ಅದಕ್ಕೇ ಅಲ್ಲವಾ ಪಿಟೀಲು ಅಂತ ಹೆಸರಿಟ್ಟದ್ದು. ಈಗ ನೋಡು, ಗಿಣಿಯ ತಲೆಯನ್ನು ಗಂಟೆಗಟ್ಟಲೆ ಉಜ್ಜುತ್ತಿದ್ದೀಯ. ಓದುತ್ತ ಕಣ್ಣು ತುಂಬಿತು.

ಒಂದು ಕೆಲಸ ಮಾಡು. ಬಿದ್ದ ಗರಿಗಳನ್ನು ಗುಡಿಸಿ ಎಸೆಯಬೇಡ. ನಾಲ್ಕಾರು ಆರಿಸಿ ಲಕೋಟೆಯಲ್ಲಿಟ್ಟು ಕಳಿಸು. ನನ್ನ ಮೇಜಿನ ಎದುರಿಗಿರುವ ತಗಡಿನ ಗೋಡೆ ನೋಡಿ ನೋಡಿ ಕಣ್ಣು ಬೂದಿಬಣ್ಣವಾಗಿಹೋಗಿದೆ, ಅಲ್ಲಿ ಅಂಟಿಸಿಕೊಳ್ಳುತ್ತೇನೆ. ಮತ್ತೆ, ಹೊಸ ಗರಿ ಬಲಿತ ಮೇಲೆ ಪರದೆಯ ಕೋಲಿನಿಂದ ನಿನ್ನ ಹೆಗಲಿಗೆ ಹಾರಿತಾ? ನನಗಂತೂ ಒಂದೇ ನೆಗೆತಕ್ಕೆ ಬರುತ್ತಿತ್ತು. ಮರೆಯದೆ ಬರೆ.

ನಿನ್ನ ಪ್ರೀತಿಯ ಅಕ್ಕ


ಜೂನ್ 1

ಅಕ್ಕ,

ತುಂಬ ಗಡಿಬಿಡಿ. ಸ್ಟುಡಿಯೋ ಈಗ ಪರವಾಗಿಲ್ಲ. ಮಕ್ಕಳ ಫೋಟೋ ತೆಗೆಸಲು ಜನ ಸಾಲು ನಿಲ್ಲುತ್ತಿದ್ದಾರೆ, ಎದುರಿನವರಿಗೆ ಹೊಟ್ಟೆಕಿಚ್ಚು. ನಾನೂ ದಿನವಿಡೀ ಅಲ್ಲೇ ಇರುತ್ತೇನೆ. ಕೈಗೆ ಸಿಕ್ಕ ಗರಿಗಳನ್ನು ಇದರ ಜೊತೆ ಇಟ್ಟಿದ್ದೇನೆ. ಚೌಕಾಸಿ ಚೆನ್ನಾಗಿದೆ. ಎದೆಯ ಮೇಲೂ ಈಗ ಉದುರಿಸುತ್ತಿದೆ, ನೀನೇ ಹೇಳಿದ ಹಾಗೆ ಗಾಬರಿಯಾಗುವಂಥದ್ದೇನಿಲ್ಲ. ಆರೋಗ್ಯ ನೋಡಿಕೋ.

ಪಿಟೀಲು


ಜುಲೈ 6

ಪಿಟೀಲು,

ಲಕೋಟೆ ಒಡೆದು ಗರಿಗಳನ್ನು ಮೇಜಿನ ಮೇಲೆ ಹರಡಿಕೊಂಡಾಗ ಅಡುಗೆಯವನೂ ಪಕ್ಕದಲ್ಲಿದ್ದ. "ಆಹಾ, ಏನು ಹಸಿರು" ಅಂದ. ಅವನು ಹೋದ ಮೇಲೆ ಉಷ್ಣಮಾಪಕದ ಗೆರೆ ನೋಡುವ ಭೂತಗನ್ನಡಿ ತಂದು ಒಂದೊಂದನ್ನೇ ನೋಡಿದೆ. ದಾರಿಯಲ್ಲಿ ಏನಾದರೂ ಆಗಿರಬೇಕು ಎಂದುಕೊಂಡು ಮತ್ತೆ ನೋಡಿದೆ.

ತಾನಾಗಿ ಉದುರಿದ ಗರಿಗೆ ಬುಡ ಇರುತ್ತದೆ. ನಯವಾಗಿ, ಬೆಳ್ಳಗೆ, ಮುಚ್ಚಿಕೊಂಡಿರುತ್ತದೆ. ಮೈ ತಾನೇ ಬೇಡ ಅಂತ ಬಿಟ್ಟುಕೊಟ್ಟದ್ದು ಅದು. ನೀನು ಕಳಿಸಿದ ರೆಕ್ಕೆಯ ಗರಿಗಳಲ್ಲಿ ಒಂದಕ್ಕೂ ಬುಡವಿಲ್ಲ. ಕಡ್ಡಿ ನಡುವೆ ಅಡ್ಡಕ್ಕೆ ಕತ್ತರಿಸಿದೆ, ಗೆರೆ ಹಾಕಿದಷ್ಟು ನೆಟ್ಟಗೆ. ಕೊಕ್ಕಿನಿಂದ ಕಚ್ಚಿದರೆ ಹಾಗೆ ತುಂಡಾಗುವುದಿಲ್ಲ. ಅವುಗಳಲ್ಲಿ ಚಿಕ್ಕವಕ್ಕೆ ಇನ್ನೂ ಪೊರೆ ಬಿಟ್ಟಿಲ್ಲ, ಕಡ್ಡಿಯೊಳಗೆ ಕಪ್ಪಗೆ ಒಣಗಿದ್ದು ರಕ್ತ. ಎದೆಯ ಸಣ್ಣ ಗರಿಗಳಿಗೆ ಬುಡವೇನೋ ಇದೆ, ಆದರೆ ಕಿತ್ತು ಬಂದ ಬುಡ. ಅಂಚು ಅಗಿದು ಚಿಂದಿಯಾಗಿದೆ.

ಇವು ಉದುರಿದ ಗರಿಗಳಲ್ಲ. ಕತ್ತರಿಸಿದ ಗರಿ ಒಂದಷ್ಟು, ಗಿಣಿ ತಾನೇ ಕಿತ್ತುಕೊಂಡ ಗರಿ ಒಂದಷ್ಟು. ಚೆನ್ನಾಗಿರುವ ಗಿಣಿ ತನ್ನ ಎದೆಯ ಗರಿಯನ್ನು ತಾನು ಕೀಳುವುದಿಲ್ಲ. ದಿಕ್ಕುಗೆಟ್ಟ ಗಿಣಿ ಕೀಳುತ್ತದೆ. ಅದರ ತಲೆ ಹೇಗಿದೆ ಹೇಳು. ತಲೆಯ ಗರಿ ತುಂಬಿಕೊಂಡಿದ್ದು ಎದೆ ಮಾತ್ರ ಬೋಳಾಗಿದೆ ಅಲ್ಲವಾ? ತಲೆ ಅದಕ್ಕೆ ಎಟುಕುವುದಿಲ್ಲ, ಅಲ್ಲಿಗೆ ಮಾತ್ರ ಅದು ಏನೂ ಮಾಡಿಕೊಳ್ಳಲಾರದು.

ಕತ್ತರಿ ಹಿಡಿದವರು ಯಾರು? ಯಾಕೆ? ನನ್ನ ಮೇಲೆ ಸಿಟ್ಟಿದ್ದರೂ ಪರವಾಗಿಲ್ಲ, ಸುತ್ತಿಬಳಸಿ ಬರೆಯಬೇಡ.

ಅಕ್ಕ


ಆಗಸ್ಟ್ 3

ದೋಣಿ ಬಂತು. ಅಡುಗೆಯವನಿಗೆ ಕಾಗದ ಇತ್ತು, ಅಧಿಕಾರಿಗಳಿಗೂ ಇತ್ತು. ಚೀಲವನ್ನು ತಲೆಕೆಳಗು ಮಾಡಿ ಕೊಡವಿದೆ. ದೋಣಿಯವನು ಪಾಪ, ತನ್ನ ತಪ್ಪೇನೋ ಎಂಬಂತೆ ತಲೆ ತಗ್ಗಿಸಿ ನಿಂತಿದ್ದ.

ನಾನು ಕೇಳಿದ್ದು ಒಂದೇ ಪ್ರಶ್ನೆ.

ಅಕ್ಕ


ಆಗಸ್ಟ್ 30

ಅಕ್ಕ,

ಹೌದು, ಕತ್ತರಿ ನಮ್ಮದೇ.

ಚೌಕಾಸಿಯನ್ನು ಸ್ಟುಡಿಯೋಗೆ ಕರೆದುಕೊಂಡು ಹೋಗಿದ್ದೆವು. ಮಕ್ಕಳ ಕೈಮೇಲೆ ಗಿಣಿ ಕೂರಿಸಿ ಫೋಟೋ ತೆಗೆಯುವುದು ಇವರ ಯೋಚನೆ. ಮೊದಲ ದಿನವೇ ಜನ ನಿಂತು ನೋಡಿದರು. ಆದರೆ ಅದು ಫ್ಲ್ಯಾಶಿಗೆ ಹೆದರಿ ಹಾರಿ ದೀಪದ ಕಂಬಕ್ಕೆ ಬಡಿದುಕೊಂಡಿತು. ಅದರ ಒಳ್ಳೆಯದಕ್ಕೇ ರೆಕ್ಕೆಯ ತುದಿ ಒಂದೇ ಒಂದು ಸಲ ಕತ್ತರಿಸಿದೆವು. ಕೂದಲು ಕತ್ತರಿಸಿದ ಹಾಗೆ, ನೋವಾಗುವುದಿಲ್ಲ ಅಂತ ಇವರು ಹೇಳಿದರು. ಎದೆಯದ್ದು ಅದೇ ಕಿತ್ತುಕೊಳ್ಳುತ್ತದೆ, ನಾವಲ್ಲ. ನಾವು ಒಂದು ಚಿಕ್ಕ ಅಂಗಿ ಹೊಲಿಸಿ ಹಾಕಿದ್ದೇವೆ, ಬೋಳು ಕಾಣುವುದಿಲ್ಲ. ಮಕ್ಕಳಿಗೆ ಅದು ಇನ್ನೂ ಇಷ್ಟ.

ನಿನಗೆ ಹೇಳಿದ್ದರೆ ಬೇಡ ಅನ್ನುತ್ತಿದ್ದೆ. ಅದಕ್ಕೇ ಹೇಳಲಿಲ್ಲ. ನಿನ್ನ ಕಾಗದವನ್ನೇ ಎದುರಿಗೆ ಇಟ್ಟುಕೊಂಡು ನಿನಗೆ ಬರೆದೆ. ನೀನು ಅಷ್ಟು ದೂರ ಒಬ್ಬಳೇ ಇದ್ದೀಯ, ಖುಷಿಯಾಗಿರಲಿ ಅಂತ ಬರೆದೆ. ಖುಷಿಯಾಗಿದ್ದೆ ತಾನೇ? ನೀನೇ ಬರೆದಿದ್ದೆಯಲ್ಲ, ಕಣ್ಣು ತುಂಬಿತು ಅಂತ.

ಸ್ಟುಡಿಯೋ ಮುಚ್ಚಿದ್ದರೆ ನಾವು ಬೀದಿಗೆ ಬರುತ್ತಿದ್ದೆವು. ಅದನ್ನು ಒಂದು ಸಲವೂ ಕೇಳಲಿಲ್ಲ ನೀನು. ಒಂದು ಗಿಣಿಗೋಸ್ಕರ ಒಡಹುಟ್ಟಿದವಳನ್ನು ಕಟಕಟೆಯಲ್ಲಿ ನಿಲ್ಲಿಸಿದ್ದೀಯ. ಭೂತಗನ್ನಡಿ ಇಟ್ಟು ನೋಡಿದೆಯಂತೆ! ಯಾರಾದರೂ ತಂಗಿ ಕಳಿಸಿದ್ದನ್ನು ಭೂತಗನ್ನಡಿಯಲ್ಲಿ ನೋಡುತ್ತಾರಾ?

ನಿನ್ನ ತಂಗಿ


ಅಕ್ಟೋಬರ್ 12

ಅಕ್ಕ,

ಗಡಿಯಾರ ರಿಪೇರಿಯವರ ಮಹಡಿಯ ಮೇಲೆ ಮನೆ ಮಾಡಿದ್ದೀಯ ಅಂತ ಯಾರೋ ಹೇಳಿದರು. ಒಂದೇ ಊರಿನಲ್ಲಿದ್ದುಕೊಂಡು ಕಾಗದ ಬರೆಯುವ ಹಾಗಾಯಿತು.

ಅವತ್ತು ನೀನು ದ್ವೀಪದಿಂದ ಸ್ಟುಡಿಯೋಗೆ ಬಂದು ಚೌಕಾಸಿಯನ್ನು ಎತ್ತಿಕೊಂಡು ಹೋದಾಗ ನಾನು ಊರಲ್ಲಿರಲಿಲ್ಲ ಅಂತ ಇವರು ಹೇಳಿದ್ದು ಸುಳ್ಳು. ಒಳಗೇ ಇದ್ದೆ. ನೀನು ಬೈದಿದ್ದರೆ ಬರುತ್ತಿದ್ದೆ. ನೀನು ಬೈಯಲೇ ಇಲ್ಲ.

ಒಂದು ಸಲ ಬರಲಾ? ಚೌಕಾಸಿಗೆ ನನ್ನ ನೆನಪಿದೆಯಾ? ನನ್ನನ್ನು ಕಂಡರೆ ಹೆದರುತ್ತದಾ? ಇಷ್ಟು ಮಾತ್ರ ಹೇಳು.

ತಂಗಿ


ನವೆಂಬರ್ 2

ತಂಗಿಗೆ,

ನೀನು ಒಳಗಿದ್ದದ್ದು ನನಗೆ ಗೊತ್ತಿತ್ತು. ಪರದೆಯ ಕೆಳಗೆ ನಿನ್ನ ಪಾದ ಕಾಣುತ್ತಿತ್ತು. ನೀನು ಹೊರಗೆ ಬರುತ್ತೀಯ ಅಂತ ಅಷ್ಟು ಹೊತ್ತು ಸುಮ್ಮನೆ ನಿಂತಿದ್ದೆ. ಬೈಯಲಿಲ್ಲ ಅಂತ ದೂರುತ್ತೀಯಲ್ಲ, ಬೈಯಲು ಎದುರಿಗೆ ಮುಖ ಬೇಕಲ್ಲ.

ಅವತ್ತು ಏನಾಯಿತು ಅಂತ ನಿನಗೆ ಪೂರ್ತಿ ಗೊತ್ತಿರಲಿಕ್ಕಿಲ್ಲ. ಹೇಳುತ್ತೇನೆ.

ನಿನ್ನ ಆಗಸ್ಟಿನ ಕಾಗದ ಬಂದ ದಿನ ಅಧಿಕಾರಿಗಳ ಬಳಿ ಹೋಗಿ, ನಾನು ಊರಿಗೆ ಹೋಗಬೇಕು, ಮತ್ತೆ ಬರಲಾರೆ ಎಂದೆ. ಯಾಕೆ ಎಂದು ಅವರು ಕೇಳಲಿಲ್ಲ. "ಹೋಗಿ ಬನ್ನಿ. ಗಾಳಿ ಎಲ್ಲೂ ಹೋಗಲ್ಲ, ನಾನೇ ಅಳೀತೀನಿ" ಅಂದರು. ಬದಲಿ ಜನ ಸಿಕ್ಕಿದ ಮೇಲೆ ಹೊರಟೆ. ದೋಣಿ ಇಳಿದವಳು ಪೆಟ್ಟಿಗೆ ಸಮೇತ ನೇರ ಸ್ಟುಡಿಯೋಗೇ ಬಂದೆ.

ಗಾಜಿನ ಕಿಟಕಿಯಲ್ಲಿ ದೊಡ್ಡದೊಂದು ಫೋಟೋ ತೂಗುಹಾಕಿದ್ದೀರಿ. ಮೊದಲು ಕಂಡದ್ದು ಅದು. ಯಾರದೋ ಮಗು ನಗುತ್ತಿದೆ, ಅದರ ಕೈಮೇಲೆ ಕೆಂಪು ಅಂಗಿ ತೊಟ್ಟ ಚೌಕಾಸಿ, ಹಿಂದೆ ಮಗುವಿನ ಕೈಗೆ ಕೈ ಆಸರೆ ಕೊಟ್ಟು ನಿಂತಿರುವವಳು ನೀನು. ಇಷ್ಟು ಚೆನ್ನಾಗಿ ನೀನು ನಕ್ಕಿದ್ದನ್ನು ನಾನು ನೋಡಿ ಎಷ್ಟೋ ಕಾಲವಾಗಿತ್ತು. ದಾರಿಯುದ್ದಕ್ಕೂ ನಾನು ನಿನ್ನ ಪರವಾಗಿ ವಾದ ಮಾಡಿಕೊಂಡು ಬಂದಿದ್ದೆ. ಗಂಡನ ಬಲವಂತ ಇದ್ದೀತು, ಪಾಪ, ಎದುರಾಡಲು ಆಗಿರಲಿಕ್ಕಿಲ್ಲ ಅಂತ. ಆ ಫೋಟೋ ಮುಂದೆ ನನ್ನ ವಕಾಲತ್ತು ಮುಗಿಯಿತು.

ಒಳಗೆ ಮಕ್ಕಳ ತಲೆ ಬಾಚಿ ಪೌಡರ್ ಹಚ್ಚುವ ಹೆಂಗಸು ಇದ್ದರು. ನಾನು ಗಿರಾಕಿ ಅಂದುಕೊಂಡರು.

"ಮಗು ಎಲ್ಲಿ? ಗಿಣಿ ಜೊತೆ ತಾನೇ?" ಅಂದರು.

"ಹಾರಿಹೋಗಲ್ವಾ ಅದು?" ಎಂದೆ.

"ಅಯ್ಯೋ, ಹಾರೋದೆಲ್ಲಿಂದ ಬಂತು? ಹೊಸ ಗರಿ ಮೂಡಿದ ಹಾಗೆ ಕತ್ತರಿಸ್ತಾರೆ. ಒಂದು ಸಲ ಏನು ರಕ್ತ ಅಂತೀರಾ, ಈ ಪರದೆಯೆಲ್ಲ ಒಗೆಯೋ ಹಾಗಾಯ್ತು. ಹಿಡ್ಕೊಳೋದು ಯಜಮಾನ್ತಿನೇ. ಬೇರೆ ಯಾರು ಹಿಡಿದ್ರೂ ಕಚ್ಚುತ್ತೆ, ಅವರ ಕೈಲಿ ಮಾತ್ರ ಸುಮ್ನಿರುತ್ತೆ."

"ಯಾವಾಗಿಂದ ಇದೆ ಇಲ್ಲಿ?"

"ನಾನು ಕೆಲಸಕ್ಕೆ ಸೇರಿದ್ದೇ ಇದು ಬಂದ ಮೇಲೆ. ಮಾರ್ಚಿಂದ. ಯಜಮಾನ್ತಿಯವರ ಅಕ್ಕ ಊರು ಬಿಟ್ಟ ವಾರನೇ ತಂದಿದ್ದಂತೆ. ಪಾಪ, ಈ ಕುರ್ಚಿ, ಅಂಗಿ, ಎಲ್ಲ ಮೊದ್ಲೇ ರೆಡಿ ಮಾಡಿಟ್ಕೊಂಡಿದ್ರು."

ಪಾಪ ಅಂದದ್ದು ನಿಮ್ಮನ್ನು ಕುರಿತು. ನೀವು ಎಷ್ಟು ಕಷ್ಟಪಟ್ಟಿರಿ ಅನ್ನುವ ಅರ್ಥದಲ್ಲಿ.

ಆಗ ನನಗೆ ಎಲ್ಲ ಸ್ಪಷ್ಟವಾಯಿತು. ಹೋಗಕ್ಕಾ, ನಾನಿಲ್ವಾ ಅಂತ ನೀನು ಬೆನ್ನು ಹತ್ತಿದ್ದು, ನನ್ನ ಬಟ್ಟೆಯನ್ನೆಲ್ಲ ನೀನೇ ಮಡಿಚಿ ಪೆಟ್ಟಿಗೆ ತುಂಬಿದ್ದು, ದೋಣಿಕಟ್ಟೆಯಲ್ಲಿ ಕೈಬೀಸಿದ್ದು. ನಾನು ಇಲ್ಲದಿರುವುದು ನಿಮಗೆ ಬೇಕಾಗಿತ್ತು. ಚೌಕಾಸಿಗೆ ಗರಿ ಉದುರುವ ಕಾಲ ಈ ವರ್ಷ ನಿಜವಾಗಿಯೂ ಬಂದಿತ್ತು, ಹೊಸ ಗರಿ ಬಂದೂ ಬಂತು. ಬಂದದ್ದನ್ನು ಬಂದ ಹಾಗೆ ಕತ್ತರಿಸಿದಿರಿ. ರಕ್ತ ಓಡಾಡುತ್ತಿರುತ್ತದೆ, ಜೋಪಾನ ಅಂತ ನಾನು ಬರೆದದ್ದನ್ನು ಓದಿದ ಕೈಯೇ ಅದನ್ನು ಅಲುಗಾಡದ ಹಾಗೆ ಹಿಡಿದುಕೊಂಡಿತ್ತು. ನಿನ್ನ ಕೈಲಿ ಅದು ಯಾಕೆ ಸುಮ್ಮನಿರುತ್ತಿತ್ತು ಗೊತ್ತಾ? ನಮ್ಮ ಮನೆಯಲ್ಲಿ ನನ್ನ ಜೊತೆ ದಿನವೂ ಕಂಡ ಮುಖ ನಿನ್ನದು. ಅದು ನಿನ್ನನ್ನು ನಂಬಿತ್ತು, ಅಷ್ಟೇ. ನಾನೂ ಅಷ್ಟೇ.

ನಿನ್ನ ಯಜಮಾನರು ಓಡಿ ಬಂದರು. "ಅಕ್ಕಾ, ಬರೋ ವಿಷಯ ಒಂದು ಮಾತು ತಿಳಿಸಬಾರದಿತ್ತಾ? ಕೂತ್ಕೊಳಿ, ಕಾಫಿ ತರಿಸ್ತೀನಿ" ಅಂದರು. ನಾನು ಚೌಕಾಸಿಯ ಅಂಗಿ ಬಿಚ್ಚಿ ಕುರ್ಚಿಯ ಮೇಲಿಟ್ಟೆ. ಆ ಎದೆ ನೋಡಿ ತಲೆ ಬಾಚುವ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡರು, ಅವರಿಗೂ ಅಂಗಿಯೊಳಗಿನದು ತಿಳಿದಿರಲಿಲ್ಲ. ಎತ್ತಿಕೊಂಡು ಹೊರಟೆ. ಯಾರೂ ತಡೆಯಲಿಲ್ಲ. ಪರದೆಯ ಕೆಳಗಿನ ಪಾದ ಒಂದು ಹೆಜ್ಜೆ ಹಿಂದೆ ಸರಿಯಿತು. ಅದನ್ನೂ ನೋಡಿದೆ.

ಹಕ್ಕಿ ಡಾಕ್ಟರು ವಯಸ್ಸಾದ ಹೆಂಗಸು, ಮುಲಾಜಿಲ್ಲದ ಮಾತು. "ಕತ್ತರಿಸಿದ ಗರಿ ಅಲ್ಲಿಂದ ಮುಂದೆ ಬೆಳೆಯಲ್ಲ ಕಣಮ್ಮ. ಮೊಂಡು ಉಳಿದಿದೆಯಲ್ಲ, ಅದು ಮುಂದಿನ ವರ್ಷ ಉದುರಬೇಕು, ಆಮೇಲೆ ಹೊಸದು. ರೆಕ್ಕೆ ಬಂದೇ ಬರುತ್ತೆ, ಕಾಯಬೇಕು" ಅಂದರು. ಎದೆಯ ಗರಿ? ಎಂದು ಕೇಳಿದೆ. ಬೆರಳಿನಿಂದ ಸವರಿ ನೋಡಿ, "ಒಂದೇ ಜಾಗವನ್ನ ಮತ್ತೆ ಮತ್ತೆ ಕಿತ್ತಿದೆ. ಕೆಲವು ಕಡೆ ಗರಿಯ ಬೇರೇ ಸತ್ತಿದೆ. ಅಲ್ಲಿ ಬರೋದಿಲ್ಲ" ಅಂದರು. ಔಷಧಿ ಏನು ಎಂದೆ. "ಜೊತೇಲಿ ಇರಿ" ಅಂದರು.

ಜೊತೆಯಲ್ಲಿದ್ದೇನೆ. ಈಗ ಮೊದಲಿಗಿಂತ ಕಡಿಮೆ ಕೀಳುತ್ತದೆ. ಕಾಳು ಕೊಟ್ಟರೆ ಕೊಟ್ಟದ್ದನ್ನೇ ತಿನ್ನುತ್ತದೆ, ಚೌಕಾಸಿ ಮಾಡುವುದಿಲ್ಲ. ಹೆಸರು ಬದಲಾಯಿಸಬೇಕೇನೋ.

ನಿಮ್ಮ ಸಂಸಾರ ಮುಳುಗುತ್ತಿತ್ತು, ನಾನು ಕೇಳಲಿಲ್ಲ ಅಂದೆ. ಹಣ ಬೇಕು ಅಂತ ನೀನು ಕಾಗದದಲ್ಲಿ ಒಂದು ಸಾಲು ಬರೆದಿದ್ದರೆ ನಾನು ಏನು ಮಾಡುತ್ತಿದ್ದೆ ಅಂತ ನಿನಗೆ ಗೊತ್ತು. ಗೊತ್ತಿದ್ದೂ ಬರೆಯಲಿಲ್ಲ. ನಾನು ಕೊಡುತ್ತಿದ್ದುದನ್ನು ಬಿಟ್ಟು ನಾನು ಕೊಡದಿರುವುದನ್ನೇ ತೆಗೆದುಕೊಂಡೆ.

ನಿನ್ನ ಪ್ರಶ್ನೆಗೆ ಬರುತ್ತೇನೆ. ಅದಕ್ಕೆ ನಿನ್ನ ನೆನಪಿದೆಯಾ, ಹೆದರುತ್ತದಾ ಎಂದು ಕೇಳಿದ್ದೀಯ.

ಮೊನ್ನೆ ಕೆಳಗಿನ ಗಡಿಯಾರದವರ ಮೊಮ್ಮಗಳು ಅಜ್ಜನ ಕೈ ಹಿಡಿದು ಮೇಲೆ ಬಂದಿದ್ದಳು. ತೊದಲು ಮಾತು, ಗಿಣಿಯನ್ನು ಕಂಡು ಕೇಕೆ ಹಾಕಿ ನಕ್ಕಳು. ಆ ನಗು ಕಿವಿಗೆ ಬಿದ್ದದ್ದೇ ಅದು ಕೋಲಿನಿಂದ ತಾನಾಗಿಯೇ ಇಳಿಯಿತು. ಮೇಜಿನ ಅಂಚಿಗೆ ನಡೆದುಕೊಂಡು ಬಂದು ಒಂದು ಕಾಲನ್ನು ಮೇಲಕ್ಕೆತ್ತಿ, ಕೈಮೇಲೆ ಕೂರಿಸಿಕೊಳ್ಳಲಿ ಅಂತ ಕಾದು ನಿಂತಿತು. ಆಮೇಲೆ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿತು, ಬೆಳಕು ಬೀಳುವ ಮೊದಲೇ. "ಇಲ್ಲಮ್ಮ, ಇಲ್ಲಿ ಯಾರೂ ಫೋಟೋ ತೆಗೆಯಲ್ಲ" ಎಂದು ಎಷ್ಟು ಹೇಳಿದರೂ ಕಾಲು ಇಳಿಸಲಿಲ್ಲ. ಅಜ್ಜ ಮಗುವನ್ನು ಎತ್ತಿಕೊಂಡು ಕೆಳಗೆ ಹೋದರು. ಮೆಟ್ಟಿಲ ಮೇಲೆ ಆ ನಗು ದೂರವಾಗುತ್ತ ಹೋಯಿತು. ಅದು ಹಾಗೇ ನಿಂತಿತ್ತು.

ಇಲ್ಲ, ನಿನ್ನನ್ನು ಕಂಡರೆ ಹೆದರುವುದಿಲ್ಲ. ನೀನು ಕೈ ಚಾಚಿದರೆ ಈಗಲೂ ಬಂದು ಕೂರುತ್ತದೆ. ಅದಕ್ಕೇ ನೀನು ಬರಬೇಡ.

ಅಕ್ಕ